ಟಾಮಿ ಜಾನ್: 288 ಗೆಲುವು, ಒಂದು ಮೊಣಕೈ, ಆಮೇಲಿನ ಬದುಕು. ಗೊತ್ತಿರೋರು ಬಿಡಿಸಿ ಹೇಳಿ

ಕಾಫಿಬೀಜ

ಬೇಸ್‌ಬಾಲ್ ನೋಡೋರಿಗೆ ಈ ಮಾತು ಹೊಸದಲ್ಲ: "ಅವನಿಗೆ ಟಾಮಿ ಜಾನ್ ಅಂತೆ, ಈ ವರ್ಷ ಮುಗೀತು." ಟಾಮಿ ಜಾನ್ ಅಂದರೆ ಇಲ್ಲಿ ಮೊಣಕೈಯ ಒಂದು ಆಪರೇಷನ್. ಪಿಚ್ಚೂ ಮಾಡುವ, ಬ್ಯಾಟೂ ಬೀಸುವ ಜಪಾನಿನ ಒಹ್ತಾನಿ 2024ರ ಸೀಸನ್ ಪೂರ್ತಿ ಬರೀ ಬ್ಯಾಟ್ ಹಿಡಿದು ಆಡಿದ್ದಕ್ಕೂ ಮೊಣಕೈ ಆಪರೇಷನ್ನೇ ಕಾರಣ. ಆದರೆ ಆ ಹೆಸರಿನ ಮನುಷ್ಯ 26 ಸೀಸನ್ ಆಡಿದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು), ಈಗಲೂ ಇದ್ದಾರೆ ಅನ್ನೋದು ಎಷ್ಟೋ ಜನರ ಗಮನಕ್ಕೇ ಬಂದಿಲ್ಲ. ನನ್ನ ಪ್ರಶ್ನೆಗಳು ಇಷ್ಟು:

ಆಟಗಾರನಾಗಿ ಅವರು ನಿಜಕ್ಕೂ ಎಷ್ಟು ದೊಡ್ಡವರು? 288 ಗೆಲುವು ಇದ್ದೂ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಗೆ) ಯಾಕೆ ಸೇರಿಲ್ಲ? 1974ರಲ್ಲಿ ಅವರ ಕೈಗೆ ಸರಿಯಾಗಿ ಏನು ಮಾಡಿದರು, ಈಗಲೂ ಅದನ್ನೇ ಮಾಡ್ತಾರಾ, ವಾಸಿಯಾಗೋಕೆ ಒಂದು ವರ್ಷ ಯಾಕೆ ಬೇಕು? ಆಟ ಬಿಟ್ಟ ಮೇಲೆ ಏನು ಮಾಡಿದರು? ಇನ್ನೊಂದು, ನಮ್ಮ ಕ್ರಿಕೆಟ್ ಬೌಲರ್‌ಗಳಿಗೆ ಈ ಆಪರೇಷನ್ ಆಗಿದ್ದು ಕೇಳೋದೇ ಅಪರೂಪ, ಯಾಕೆ?

ವಿಕಿಪೀಡಿಯಾ ಲಿಂಕ್ ಹಾಕಿ ಓಡಿಹೋಗಬೇಡಿ ದಯವಿಟ್ಟು.

ಸ್ಕೋರ್‌ಬುಕ್

ಮೊದಲು ಆಟದ ಲೆಕ್ಕ. ಆಪರೇಷನ್ ವಿಷಯ ಗೊತ್ತಿರೋರು ಬರೀತಾರೆ.

ಹುಟ್ಟಿದ್ದು 1943ರ ಮೇ 22, ಇಂಡಿಯಾನಾ ರಾಜ್ಯದ ಟೆರೆ ಹೋಟ್ ಊರಲ್ಲಿ. ಎಡಗೈ ಪಿಚರ್. 1963ರ ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಮೊದಲ ಪಂದ್ಯ. 1965ರಿಂದ 71ರವರೆಗೆ ಶಿಕಾಗೋ ವೈಟ್ ಸಾಕ್ಸ್. ಅಲ್ಲಿ 1968ರಲ್ಲಿ ಅವರ ಇಆರ್‌ಎ 1.98, ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಲೆಕ್ಕಕ್ಕೆ ಹಿಡಿಯದಿದ್ದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎರಡು ರನ್ ಕೂಡ ಬಿಟ್ಟಿಲ್ಲ. ಆ ವರ್ಷ ಪಿಚರ್‌ಗಳೆಲ್ಲರೂ ಮೆರೆದಿದ್ದರು ಅನ್ನೋದನ್ನೂ ಸೇರಿಸಿಯೇ ಹೇಳಬೇಕು; 1969ಕ್ಕೆ ಪಿಚರ್ ನಿಲ್ಲುವ ದಿಬ್ಬವನ್ನೇ ತಗ್ಗಿಸಿದರು. 1971ರ ಡಿಸೆಂಬರ್‌ನಲ್ಲಿ ಡಿಕ್ ಆಲನ್ ಅನ್ನುವ ದೊಡ್ಡ ಬ್ಯಾಟರ್‌ನ ಬದಲಿಗೆ ಇವರು ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಬಂದರು. ಆಲನ್ ಹೆಸರು ನೆನಪಿಟ್ಟುಕೊಳ್ಳಿ, ಹಾಲ್ ಆಫ್ ಫೇಮ್ ಮಾತಿನಲ್ಲಿ ಮತ್ತೆ ಬರುತ್ತೆ.

ಇವರು ವೇಗದ ಪಿಚರ್ ಅಲ್ಲ. ಬಂಡವಾಳ ಸಿಂಕರ್: ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹತ್ತಿರ ಬರುವಾಗ ಕೆಳಗಿಳಿಯುವ ಚೆಂಡು. ಬ್ಯಾಟರ್ ಚೆಂಡಿನ ತಲೆಯ ಮೇಲೆ ಹೊಡೀತಾನೆ, ಚೆಂಡು ನೆಲಕ್ಕುರುಳಿ ಇನ್‌ಫೀಲ್ಡರ್ ಕೈ ಸೇರುತ್ತೆ. ಮೊದಲ ಬೇಸ್‌ನಲ್ಲಿ ಒಬ್ಬ ನಿಂತಿದ್ದರೆ ಒಂದೇ ಚೆಂಡಿಗೆ ಇಬ್ಬರು ಔಟ್. ಅದಕ್ಕೇ ಅವರ ಸ್ಟ್ರೈಕ್‌ಔಟ್ (ಬ್ಯಾಟರ್ ಮೂರು ಸ್ಟ್ರೈಕ್‌ಗೆ ಔಟಾಗೋದು) ಕಮ್ಮಿ: 4,710 ಇನ್ನಿಂಗ್ಸ್‌ಗೆ 2,245, ಒಂಬತ್ತು ಇನ್ನಿಂಗ್ಸ್‌ಗೆ ನಾಲ್ಕು ಚಿಲ್ಲರೆ. ಇಂಥ ಪಿಚರ್‌ನ ಹಣೆಬರಹ ಅರ್ಧ ಅವನ ಫೀಲ್ಡರ್‌ಗಳ ಕೈಯಲ್ಲಿರುತ್ತೆ. ಅವರೇ ಫೀಲ್ಡರ್ ಆದಾಗ ಏನಾಗುತ್ತೆ ಅನ್ನೋದಕ್ಕೂ ದಾಖಲೆಯಿದೆ. 1988ರ ಜುಲೈನಲ್ಲಿ ಮಿಲ್ವಾಕಿ ವಿರುದ್ಧ ಒಂದೇ ಚೆಂಡಿಗೆ ಮೂರು ತಪ್ಪು ಮಾಡಿದರು: ಚೆಂಡು ಹಿಡಿಯಲಾಗದೆ ಒಂದು, ಮೊದಲ ಬೇಸ್ ಕಡೆ ಅಡ್ಡಾದಿಡ್ಡಿ ಎಸೆದು ಇನ್ನೊಂದು, ವಾಪಸ್ ಬಂದ ಚೆಂಡನ್ನು ತಡೆದು ಹೋಮ್ ಪ್ಲೇಟ್ ಕಡೆ ಎಸೆದು ಮತ್ತೊಂದು. ಆ ಪಂದ್ಯ ಗೆದ್ದಿದ್ದೂ ಅವರ ತಂಡವೇ.

ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು, ಸೋಲನ್ನು ಒಬ್ಬ ಪಿಚರ್ ಹೆಸರಿಗೆ ಬರೀತಾರೆ. ಗಾಯಕ್ಕೆ ಮುಂಚೆ 124 ಗೆಲುವು, 106 ಸೋಲು. ಆಮೇಲೆ 164 ಗೆಲುವು, 125 ಸೋಲು. ಮೂರು ಸಲ ಒಂದೇ ಸೀಸನ್‌ನಲ್ಲಿ 20 ಅಥವಾ ಹೆಚ್ಚು ಪಂದ್ಯ ಗೆದ್ದರು: 1977ರಲ್ಲಿ ಡಾಡ್ಜರ್ಸ್‌ಗೆ 20, ನ್ಯೂಯಾರ್ಕ್ ಯಾಂಕೀಸ್‌ಗೆ 1979ರಲ್ಲಿ 21, 1980ರಲ್ಲಿ 22. ಮೂರೂ ಆಪರೇಷನ್ ಆದಮೇಲಿನವು. 1977ರಲ್ಲೂ 79ರಲ್ಲೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಮತದಾನದಲ್ಲಿ ಎರಡನೇ ಸ್ಥಾನ.

ವರ್ಲ್ಡ್ ಸೀರೀಸ್ (ಸೀಸನ್ ಕೊನೆಯ ಫೈನಲ್ ಸರಣಿ) ಮಾತ್ರ ಒಲಿಯಲಿಲ್ಲ. 1977, 78ರಲ್ಲಿ ಡಾಡ್ಜರ್ಸ್ ಪರ ಆಡಿ ಯಾಂಕೀಸ್‌ಗೆ ಸೋತರು. 1981ರ ಹೊತ್ತಿಗೆ ಯಾಂಕೀಸ್‌ನಲ್ಲಿದ್ದರು, ಆಗ ಡಾಡ್ಜರ್ಸ್ ಗೆದ್ದಿತು. ಇಂಥ ಗ್ರಹಚಾರ ಶತ್ರುವಿಗೂ ಬೇಡ.

ಎಲುಬುಗೂಡು

ಆಪರೇಷನ್ ಭಾಗ ನನ್ನದು. ಸ್ವಲ್ಪ ಉದ್ದ ಆಗುತ್ತೆ.

ಯಾವ ಭಾಗ ಹರಿಯುತ್ತೆ? ಕೈ ಚಾಚಿ ಅಂಗೈ ಮೇಲೆ ಮಾಡಿ. ಮೊಣಕೈಯ ಒಳಮಗ್ಗುಲಲ್ಲಿ, ಮೈ ಕಡೆಗೆ, ಉಬ್ಬಿದ ಮೂಳೆ ಸಿಗುತ್ತಲ್ಲ, ಅದು ತೋಳಿನ ಮೂಳೆಯ ತುದಿ. ಅಲ್ಲಿಂದ ಮುಂಗೈಯ ಅಲ್ನಾ ಮೂಳೆಗೆ ಒಂದು ಗಟ್ಟಿ ಪಟ್ಟಿ ಬಿಗಿದಿರುತ್ತೆ. ಅದೇ ಅಲ್ನರ್ ಕೊಲ್ಯಾಟರಲ್ ಲಿಗಮೆಂಟ್, ಚಿಕ್ಕದಾಗಿ ಯುಸಿಎಲ್. ಮುಂಗೈ ಹೊರಕ್ಕೆ ಮುರಿದು ತೆರೆದುಕೊಳ್ಳದ ಹಾಗೆ ಹಿಡಿಯೋದು ಇದರ ಕೆಲಸ.

ಪಿಚರ್ ಎಸೆಯುವಾಗ ಎದೆ ಮುಂದಕ್ಕೆ ತಿರುಗಿರುತ್ತೆ, ಬಾಗಿದ ಮುಂಗೈ ಇನ್ನೂ ಹಿಂದೆ ಉಳಿದಿರುತ್ತೆ. ಆ ಕ್ಷಣದಲ್ಲಿ ಮೊಣಕೈ ಒಳಮಗ್ಗುಲಿಗೆ ಬೀಳುವ ತಿರುಚು ಬಲ ಸುಮಾರು 64 ನ್ಯೂಟನ್ ಮೀಟರ್ ಅಂತ ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಶವಗಳ ಮೊಣಕೈಯಲ್ಲಿ ಈ ಲಿಗಮೆಂಟ್ ಒಂದನ್ನೇ ಎಳೆದು ನೋಡಿದರೆ 32ರ ಆಸುಪಾಸಿನಲ್ಲೇ ಹರಿಯುತ್ತೆ. ಉಳಿದ ಅರ್ಧ ಭಾರವನ್ನು ಮುಂಗೈಯ ಒಳಭಾಗದ ಸ್ನಾಯುಗಳೂ ಕೀಲಿನ ಮೂಳೆಗಳೂ ಹೊರಬೇಕು. ಸ್ನಾಯು ದಣಿದರೆ ಆ ಪಾಲೂ ಲಿಗಮೆಂಟ್ ಮೇಲೇ ಬೀಳುತ್ತೆ. ಬಹುತೇಕ ಸಲ ಇದು ಒಂದೇ ಚೆಂಡಿಗೆ ಪಟ್ಟನೆ ಹರಿದಂತೆ ಕಂಡರೂ ಒಳಗೊಳಗೇ ವರ್ಷಗಟ್ಟಲೆ ಸವೆದಿರುತ್ತೆ.

1974ರ ಜುಲೈ 17. ಡಾಡ್ಜರ್ ಸ್ಟೇಡಿಯಂ, ಎದುರಾಳಿ ಮಾಂಟ್ರಿಯಲ್ ಎಕ್ಸ್‌ಪೋಸ್. ಆ ಸೀಸನ್‌ನಲ್ಲಿ ಜಾನ್ ಅಷ್ಟರಲ್ಲಾಗಲೇ 13 ಗೆದ್ದು 3 ಸೋತಿದ್ದರು. ಮೂರನೇ ಇನ್ನಿಂಗ್ಸ್‌ನಲ್ಲಿ ಒಂದು ಚೆಂಡು ಎಸೆಯುವಾಗ ಕೈಯಲ್ಲಿ ಏನೋ ಬಿಟ್ಟುಕೊಂಡಂತಾಯಿತು. ಇನ್ನೊಂದು ಎಸೆದು ನೋಡಿ ನೇರ ಹೊರನಡೆದರು. ಆಗ ಎಂಆರ್‌ಐ ಇಲ್ಲ. ಡಾಕ್ಟರ್ ಕೈಯಿಂದ ಮೊಣಕೈ ಹೊರಕ್ಕೆ ಒತ್ತಿ, ಕೀಲು ಎಷ್ಟು ಬಾಯಿ ಬಿಡುತ್ತೆ ಅಂತ ಎಕ್ಸ್‌ರೇಯಲ್ಲಿ ನೋಡಬೇಕಿತ್ತು. ಮೊದಲು ವಿಶ್ರಾಂತಿ ಕೊಟ್ಟು ನೋಡಿದರು. ಕೈ ಎಸೆತಕ್ಕೆ ಬರಲಿಲ್ಲ.

ಡಾಡ್ಜರ್ಸ್ ತಂಡದ ವೈದ್ಯ ಡಾ. ಫ್ರಾಂಕ್ ಜೋಬ್. ಪೋಲಿಯೋ ಆದವರ ಕೈಗೆ ಒಂದು ಕಡೆಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಇನ್ನೊಂದು ಕಡೆ ಜೋಡಿಸುವ ವಿದ್ಯೆ ಆಗ ರೂಢಿಯಲ್ಲಿತ್ತು. ಅದನ್ನು ಮೊಣಕೈಗೆ ತರುವ ಯೋಚನೆ ಅವರದು. ಮತ್ತೆ ಪಿಚ್ ಮಾಡುವ ಸಾಧ್ಯತೆ ನೂರಕ್ಕೆ ಒಂದು ಅಂತ ಮೊದಲೇ ಹೇಳಿದ್ದರು. ಸೆಪ್ಟೆಂಬರ್ 25ಕ್ಕೆ ಆಪರೇಷನ್.

ಮಾಡಿದ್ದು ಹೀಗೆ. ಬಲಗೈ ಮುಂಗೈಯಿಂದ ಪಾಲ್ಮಾರಿಸ್ ಲಾಂಗಸ್ ಅನ್ನುವ ತೆಳು ಟೆಂಡನ್ ತೆಗೆದರು. ಹೆಬ್ಬೆರಳು ಕಿರುಬೆರಳು ಮುಟ್ಟಿಸಿ ಮಣಿಕಟ್ಟು ಸ್ವಲ್ಪ ಬಗ್ಗಿಸಿ, ಮಣಿಕಟ್ಟಿನ ನಡುವೆ ದಾರದಂತೆ ಎದ್ದು ಕಾಣುತ್ತಲ್ಲ, ಅದೇ. ಏಳೆಂಟು ಜನರಲ್ಲಿ ಒಬ್ಬರಿಗೆ ಇದು ಹುಟ್ಟಿನಿಂದಲೇ ಇರಲ್ಲ, ಇಲ್ಲದಿದ್ದರೂ ಕೈಗೇನೂ ನಷ್ಟವಿಲ್ಲ. ಅದಕ್ಕೇ ಇದನ್ನು ಧೈರ್ಯವಾಗಿ ಕಿತ್ತುಕೊಳ್ತಾರೆ. ಇಲ್ಲದವರಿಗೆ ತೊಡೆಯ ಒಳಭಾಗದ ಗ್ರಾಸಿಲಿಸ್ ಟೆಂಡನ್ ಬಳಸೋದು ವಾಡಿಕೆ. ಸುಮಾರು 15 ಸೆಂಟಿಮೀಟರ್ ಉದ್ದ ಬೇಕಾಗುತ್ತೆ.

ಆಮೇಲೆ ಎಡ ಮೊಣಕೈ ಬಿಚ್ಚಿ, ಒಳಮಗ್ಗುಲ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಅಲ್ನಾ ಮೂಳೆಯಲ್ಲೂ ತೋಳಿನ ಮೂಳೆಯಲ್ಲೂ ಡ್ರಿಲ್‌ನಿಂದ ಸುರಂಗ ಕೊರೆದರು. ಆ ತೂತುಗಳಲ್ಲಿ ಟೆಂಡನ್ ಪೋಣಿಸಿ, ಇಂಗ್ಲಿಷಿನ 8ರ ಆಕಾರದಲ್ಲಿ ಸುತ್ತಿ ಹೊಲಿದರು. ಈಗಿನ ಪದ್ಧತಿಯಲ್ಲಿ ಅಲ್ನಾದ ತೂತು ಮೂರೂವರೆ ಮಿಲಿಮೀಟರ್ ಆಸುಪಾಸು, ಎರಡು ತೂತಿನ ನಡುವೆ ಸುಮಾರು ಒಂದು ಸೆಂಟಿಮೀಟರ್ ಮೂಳೆಯ ಸೇತುವೆ ಬಿಡ್ತಾರೆ. ಸೇತುವೆ ಸಣ್ಣದಾದರೆ ಟೆಂಡನ್ ಬಿಗಿಯುವಾಗಲೇ ಮೂಳೆ ಸೀಳಬಹುದು.

ಅಷ್ಟಕ್ಕೇ ಮುಗಿಯಲಿಲ್ಲ. ಮೊಣಕೈ ತಗುಲಿದಾಗ ಝುಮ್ ಅನ್ನುತ್ತಲ್ಲ ಆ ಅಲ್ನರ್ ನರ, ಇದೇ ಲಿಗಮೆಂಟ್ ಪಕ್ಕದಲ್ಲಿ ಹಾದುಹೋಗುತ್ತೆ. ಆಪರೇಷನ್ ಬಳಿಕ ಜಾನ್ ಅವರ ಎಡಗೈ ಬೆರಳು ಜೋಮು ಹಿಡಿದು ಕೊಕ್ಕೆಯಂತೆ ಬಾಗಿದವು. ಡಿಸೆಂಬರ್‌ನಲ್ಲಿ ಎರಡನೇ ಸಲ ಕೊಯ್ದು ನರವನ್ನು ಬೇರೆ ಜಾಗಕ್ಕೆ ಸರಿಸಬೇಕಾಯಿತು. ಒಂದು ಹಂತದಲ್ಲಿ ಚೆಂಡು ಹಿಡಿಯೋದೂ ಕಷ್ಟವಿತ್ತು. 1975 ಪೂರ್ತಿ ಹೋಯಿತು. 1976ರ ಏಪ್ರಿಲ್‌ನಲ್ಲಿ ವಾಪಸ್ ಬಂದು ಆ ವರ್ಷ 31 ಪಂದ್ಯ ಶುರುಮಾಡಿ 207 ಇನ್ನಿಂಗ್ಸ್ ಎಸೆದರು. ಗೆಲುವು ಸೋಲು ಹತ್ತು ಹತ್ತು.

ಆ ವಿರಾಮದಲ್ಲಿ ಜೊತೆ ಆಟಗಾರ ಮೈಕ್ ಮಾರ್ಷಲ್, ಜಾನ್ ಅವರ ಎಸೆತದ ಚಲನೆ ತಿದ್ದಿದರು, ಕಾಲು ತಿರುಚದೆ ನೇರ ಪ್ಲೇಟ್ ಕಡೆಗೆ ಬರುವ ಹಾಗೆ. ಮಾರ್ಷಲ್ ಕೈಕಾಲು ಚಲನೆಯ ಶಾಸ್ತ್ರ ಓದಿದವರು. ಆಪರೇಷನ್ ಮಾತ್ರ ನೆನಪಿಟ್ಟುಕೊಂಡು ಈ ಭಾಗ ಮರೆಯೋರೇ ಹೆಚ್ಚು, ನನ್ನ ಪ್ರಕಾರ 13 ವರ್ಷ ಆ ಕೈ ಬಾಳಿದ್ದರಲ್ಲಿ ಇದಕ್ಕೂ ಪಾಲಿದೆ.

ಗೂಗ್ಲಿ_ಗಿರಿ

ಚೆನ್ನಾಗಿ ಬರೆದಿದ್ದೀರ ಸರ್. ಆದರೆ ಎರಡು ಮಾತು. ಟೆಂಡನ್ ಹೊಲಿದಾಯ್ತು, ಗಾಯ ಮೂರು ವಾರಕ್ಕೆ ಮಾಯುತ್ತೆ. ಮತ್ತೆ ವರ್ಷ ಯಾಕೆ? ಎರಡನೇದು, ಆಪರೇಷನ್ ಆದೋರು ಮೊದಲಿಗಿಂತ ಜೋರಾಗಿ ಎಸೀತಾರೆ ಅಂತಾರಲ್ಲ, ಹಾಗಾದರೆ ಮುಂಚೆಯೇ ಮಾಡಿಸ್ಕೊಂಡ್ರೆ ಲಾಭ ಅಲ್ವಾ?

ಎಲುಬುಗೂಡು

ಗಿರಿಯವರೇ, ಎರಡನೇದಕ್ಕೆ ಮೊದಲು ಉತ್ತರ: ಇಲ್ಲ. ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್) ಪಿಚರ್‌ಗಳ ವೇಗವನ್ನು ಮುಂಚೆ, ಆಮೇಲೆ ಹೋಲಿಸಿ ನೋಡಿದ್ದಾರೆ, ಹೆಚ್ಚಾಗಿಲ್ಲ. ಕೆಲವರಿಗೆ ಹೆಚ್ಚಾದಂತೆ ಕಾಣೋದು ಯಾಕೆಂದರೆ, ಹರಿದ ಲಿಗಮೆಂಟ್ ಇಟ್ಟುಕೊಂಡು ಎಸೆದ ಕೊನೆಯ ತಿಂಗಳುಗಳ ವೇಗಕ್ಕೆ ಹೋಲಿಸ್ತಾರೆ. ಜೊತೆಗೆ ವರ್ಷಪೂರ್ತಿ ಭುಜ, ಸೊಂಟ, ಕಾಲಿನ ವ್ಯಾಯಾಮ ಬೇರೆ ಮಾಡಿರ್ತಾರೆ. 18ರ ಹುಡುಗನಾದರೆ ಆ ವರ್ಷದಲ್ಲಿ ಮೈಯೂ ಬೆಳೆದಿರುತ್ತೆ. ಅಮೆರಿಕದಲ್ಲಿ ಹೈಸ್ಕೂಲ್ ಆಟಗಾರರನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ಅರ್ಧದಷ್ಟು ಹುಡುಗರು, ಗಾಯ ಇಲ್ಲದಿದ್ದರೂ ಆಟ ಸುಧಾರಿಸೋಕೆ ಇದನ್ನು ಮಾಡಿಸಬಹುದು ಅಂದಿದ್ದರು. ಡಾಕ್ಟರುಗಳು ಬೆಚ್ಚಿದ್ದು ಆಗ.

ಈಗ ವರ್ಷ ಯಾಕೆ ಅಂತ. ಕೂರಿಸಿದ ಟೆಂಡನ್‌ಗೆ ಮೊದಲು ರಕ್ತವೇ ಇರಲ್ಲ, ಅದು ಬರೀ ಹಗ್ಗ. ಸುರಂಗದ ಗೋಡೆಗೆ ಅದು ಅಂಟಬೇಕು, ಹೊಸ ರಕ್ತನಾಳ ಒಳಗೆ ಬರಬೇಕು, ಹೊಸ ಜೀವಕೋಶಗಳು ನೆಲೆಯೂರಿ ಅದರ ನಾರನ್ನು ಲಿಗಮೆಂಟ್ ನಾರಿನ ಹಾಗೆ ಮರುಜೋಡಿಸಬೇಕು. ಇದನ್ನು ಯಾವ ಔಷಧಿಯೂ ಬೇಗ ಮಾಡಿಸಲ್ಲ. ತೊಂದರೆ ಏನೆಂದರೆ ನೋವು ಬೇಗ ಹೋಗುತ್ತೆ. ನಾಲ್ಕನೇ ತಿಂಗಳಿಗೆ "ಕೈ ಸರಿ ಇದೆ" ಅನಿಸುತ್ತೆ, ಒಳಗೆ ಟೆಂಡನ್ ಇನ್ನೂ ಎಳಸು. ಅವಸರ ಪಟ್ಟೋರು ಕೆಡೋದು ಇಲ್ಲೇ.

ಸಾಮಾನ್ಯ ವೇಳಾಪಟ್ಟಿ: ಮೊದಲ ವಾರ ಮೊಣಕೈ 90 ಡಿಗ್ರಿ ಬಾಗಿಸಿ ಸ್ಪ್ಲಿಂಟ್. ಬೆರಳು, ಮಣಿಕಟ್ಟು ಮಾತ್ರ ಆಗಿನಿಂದಲೇ ಆಡಿಸ್ತಿರಬೇಕು. ಆಮೇಲೆ ಕೀಲು ಇರುವ ಬ್ರೇಸ್, ವಾರ ವಾರ ಒಂದಿಷ್ಟು ಡಿಗ್ರಿ ಬಿಚ್ಚುತ್ತಾ ಆರು ವಾರಕ್ಕೆ ಕೈ ಪೂರ್ತಿ ನೀಳವಾಗಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಮೊಣಕೈ ಪೂರ್ತಿ ಚಾಚದೇ ಉಳಿದುಬಿಡಬಹುದು. ಆರು ವಾರದಿಂದ ಹಗುರ ತೂಕ, ಮೂರನೇ ತಿಂಗಳಿಂದ ಎರಡೂ ಕೈಯಲ್ಲಿ ಭಾರದ ಚೆಂಡು ತಳ್ಳೋದು.

ನಾಲ್ಕರಿಂದ ಐದನೇ ತಿಂಗಳಿಗೆ ಎಸೆತ ಶುರು. 45 ಅಡಿ ದೂರದಿಂದ, ಚೆಂಡು ಸ್ವಲ್ಪ ಮೇಲೇರಿ ಇಳಿಯುವ ಹಾಗೆ, 25 ಎಸೆತ. ಐದು ಹತ್ತು ನಿಮಿಷ ಬಿಡುವು, ಮತ್ತೆ 25. ದಿನ ಬಿಟ್ಟು ದಿನ. ಅದು ಸಲೀಸಾದರೆ ಮೂರು ಸುತ್ತು, ಅದೂ ಸಲೀಸಾದರೆ ಮುಂದಿನ ದೂರ: 60, 90, 120, ಹೀಗೆ 180 ಅಡಿವರೆಗೆ. ಮೊಣಕೈ ಒಳಮಗ್ಗುಲು ನೋವಾದರೆ ಅಲ್ಲೇ ನಿಲ್ಲಿಸಿ, ಹಿಂದಿನ ಮೆಟ್ಟಿಲಿಗೆ ವಾಪಸ್. ಎಂಟು ಒಂಬತ್ತು ತಿಂಗಳಿಗೆ ದಿಬ್ಬ ಹತ್ತೋದು, ಅರ್ಧ ಜೋರಿನಲ್ಲಿ ನೇರ ಚೆಂಡು ಮಾತ್ರ. ತಿರುಗುವ ಚೆಂಡುಗಳಾದ ಕರ್ವ್, ಸ್ಲೈಡರ್ ಕೊನೆಗೆ. ಪಂದ್ಯ 12ರಿಂದ 16 ತಿಂಗಳಿಗೆ.

ಬ್ಯಾಟರ್‌ಗಳು ಬೇಗ ಮರಳ್ತಾರೆ, ಯಾಕೆಂದರೆ ಬ್ಯಾಟ್ ಬೀಸುವಾಗ ಈ ಲಿಗಮೆಂಟ್ ಮೇಲೆ ಅಷ್ಟು ಭಾರವಿಲ್ಲ. ಒಹ್ತಾನಿಗೆ 2023ರ ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಮೊಣಕೈ ಆಪರೇಷನ್ ಆಯಿತು. 2024ರ ಮೊದಲ ಪಂದ್ಯದಿಂದಲೇ ಬ್ಯಾಟ್ ಹಿಡಿದರು, ಪಂದ್ಯದಲ್ಲಿ ಪಿಚ್ ಮಾಡೋಕೆ 2025ರ ಜೂನ್ ಬರಬೇಕಾಯಿತು.

ಈಗಿನ ವಿಧಾನಗಳಲ್ಲಿ ಮೂರು ಬದಲಾವಣೆ ಮುಖ್ಯ. ಸ್ನಾಯು ಪೂರ್ತಿ ಬಿಡಿಸದೆ ಅದರ ನಾರಿನ ನಡುವೆ ಸೀಳಿ ಒಳಹೋಗ್ತಾರೆ. ಅಲ್ನರ್ ನರವನ್ನು ಎಲ್ಲರಿಗೂ ಸರಿಸಲ್ಲ, ಮೊದಲೇ ಜೋಮು ಇದ್ದವರಿಗೆ ಮಾತ್ರ. ನ್ಯೂಯಾರ್ಕ್‌ನ ಡೇವಿಡ್ ಆಲ್ಟ್‌ಚೆಕ್ ತಂದ ಡಾಕಿಂಗ್ ಪದ್ಧತಿಯಲ್ಲಿ ತೋಳಿನ ಮೂಳೆಗೆ ಒಂದೇ ದೊಡ್ಡ ತೂತು ಕೊರೆದು ಟೆಂಡನ್‌ನ ಎರಡೂ ತುದಿ ಅದರೊಳಗೆ ಕೂರಿಸಿ ಬಿಗೀತಾರೆ, ಮೂಳೆ ಸೀಳುವ ಭಯ ಕಮ್ಮಿ. ಇದಲ್ಲದೆ 2013ರಿಂದ ಅಲಬಾಮಾದ ಜೆಫ್ರಿ ಡುಗಾಸ್ ಶುರುಮಾಡಿದ ಇನ್ನೊಂದು ದಾರಿ ಇದೆ: ಲಿಗಮೆಂಟ್ ಬದಲಿಸದೆ ಹೊಲಿದು, ಮೇಲೊಂದು ಗಟ್ಟಿ ಪಟ್ಟಿ ಆಧಾರವಾಗಿ ಕೂರಿಸೋದು. ಆರೇಳು ತಿಂಗಳಿಗೆ ಮರಳಬಹುದು. ಆದರೆ ಲಿಗಮೆಂಟ್ ಒಂದು ತುದಿಯಲ್ಲಿ ಕಿತ್ತುಬಂದು ಉಳಿದ ಭಾಗ ಚೆನ್ನಾಗಿದ್ದವರಿಗೆ ಮಾತ್ರ ಇದು ಸರಿ. ಪೂರ್ತಿ ಸವೆದದ್ದನ್ನು ಹೊಲಿದು ಪ್ರಯೋಜನವಿಲ್ಲ.

ಫಲಿತಾಂಶ: ಜೋಬ್ 1986ರಲ್ಲಿ ಪ್ರಕಟಿಸಿದ ಮೊದಲ 16 ಜನರಲ್ಲಿ 10 ಮಂದಿ ಹಳೆಯ ಮಟ್ಟಕ್ಕೆ ಮರಳಿದರು. 2010ರ ದೊಡ್ಡ ಅಧ್ಯಯನವೊಂದರಲ್ಲಿ ಅದು 83 ಶೇಕಡಾ. ಅಂದರೆ ಆರರಲ್ಲಿ ಒಬ್ಬ ಈಗಲೂ ಆ ಮಟ್ಟಕ್ಕೆ ಮರಳಲ್ಲ. ಜಾನ್ ನಂತರ ಎರಡನೆಯವರಾಗಿ ಮಾಡಿಸಿಕೊಂಡ ಬ್ರೆಂಟ್ ಸ್ಟ್ರಾಮ್ ಮೇಜರ್ ಲೀಗ್‌ಗೆ ಮರಳಲೇ ಇಲ್ಲ, ಮುಂದೆ ಹೆಸರಾಂತ ಪಿಚಿಂಗ್ ಕೋಚ್ ಆದರು.

ಕಾಫಿಬೀಜ

ಅಬ್ಬಾ, ಇದು ಬೇಕಿತ್ತು. ಕ್ರಿಕೆಟ್ ಪ್ರಶ್ನೆ ಉಳೀತು, ಹಾಲ್ ಆಫ್ ಫೇಮ್ ಕೂಡ.

ಗೂಗ್ಲಿ_ಗಿರಿ

ಕ್ರಿಕೆಟ್ ಪ್ರಶ್ನೆ ನನಗಿರಲಿ. ಬೌಲರ್ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ ಅನ್ನೋದು ಐಸಿಸಿ ನಿಯಮ. ಹೆಚ್ಚುಕಮ್ಮಿ ನೇರ ಕೈ ಸುತ್ತಿ ಬರೋದ್ರಿಂದ ಮುಂಗೈ ಹಿಂದೆ ಉಳಿದು ತಿರುಚಿಕೊಳ್ಳುವ ಪಿಚರ್ ಭಂಗಿ ಇಲ್ಲಿ ಬರೋದೇ ಇಲ್ಲ. ವೇಗದ ಬೌಲರ್‌ಗೆ ಪೆಟ್ಟು ಬೀಳೋದು ಸೊಂಟದ ಬೆನ್ನುಮೂಳೆಗೆ. ಬೌಂಡರಿಯಿಂದ ಕೀಪರ್ ಕೈಗೆ ಚಪ್ಪಟೆಯಾಗಿ ಎಸೆಯುವ ಫೀಲ್ಡರ್ ಮೊಣಕೈ ಮಾತ್ರ ಪಿಚರ್ ಮೊಣಕೈ ಥರವೇ ದುಡಿಯುತ್ತೆ, ಆದರೆ ದಿನಕ್ಕೆ ಎಷ್ಟು ಸಲ? ಇದೇ ಲಿಗಮೆಂಟ್ ಗಾಯ ನಿಜವಾಗಿ ಕಾಡೋದು ಜಾವೆಲಿನ್‌ನವರನ್ನ.

ಸ್ಕೋರ್‌ಬುಕ್

ಹಾಲ್ ಆಫ್ ಫೇಮ್. ಆಟ ಬಿಟ್ಟು ಐದು ವರ್ಷವಾದ ಮೇಲೆ ಬೇಸ್‌ಬಾಲ್ ಬರಹಗಾರರ ಸಂಘ ಮತ ಹಾಕುತ್ತೆ, 75 ಶೇಕಡಾ ಬೇಕು. ಆಗ 15 ಸಲ ಅವಕಾಶ ಇತ್ತು. ಜಾನ್ 1995ರಲ್ಲಿ 21 ಶೇಕಡಾದಿಂದ ಶುರುಮಾಡಿ, ಕೊನೆಯ ಸಲ 2009ರಲ್ಲಿ 31.7 ಮುಟ್ಟಿದರು. ಅವರ ಅತಿ ಹೆಚ್ಚು ಮತವೇ ಅದು. ಆಮೇಲೆ ಹಳೆಯ ಆಟಗಾರರಿಗೆಂದೇ 16 ಜನರ ಸಮಿತಿಗಳಿವೆ, 12 ಮತ ಬೇಕು. 2024ರ ಡಿಸೆಂಬರ್‌ನಲ್ಲಿ ಜಾನ್‌ಗೆ ಸಿಕ್ಕಿದ್ದು 7. ಅದೇ ಸಭೆಯಲ್ಲಿ 13 ಮತ ಪಡೆದು ಒಳಹೋದವರು ಯಾರು ಗೊತ್ತಾ? 1971ರಲ್ಲಿ ಇವರನ್ನು ಕೊಟ್ಟು ಕೊಂಡ ಡಿಕ್ ಆಲನ್. ಪಾಪ, ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ವಿರೋಧಿಗಳ ವಾದ ಇದು: ಸೈ ಯಂಗ್ ಒಂದೂ ಇಲ್ಲ, ಸ್ಟ್ರೈಕ್‌ಔಟ್ ಕಮ್ಮಿ, ಆಲ್-ಸ್ಟಾರ್ (ವರ್ಷದ ಆಯ್ದ ಆಟಗಾರರ) ತಂಡದಲ್ಲಿ ನಾಲ್ಕೇ ಸಲ, ದೀರ್ಘಕಾಲ ಆಡಿದ್ದಕ್ಕೆ ಅಂಕಿ ದೊಡ್ಡದಾಯ್ತು ಅಷ್ಟೆ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. 287 ಗೆದ್ದ ಬರ್ಟ್ ಬ್ಲೈಲೆವನ್ 2011ರಲ್ಲಿ ಒಳಗೆ. ಸರಿ, ಅವರಿಗೆ 3,701 ಸ್ಟ್ರೈಕ್‌ಔಟ್ ಇದೆ. ಆದರೆ ಜಿಮ್ ಕಾಟ್? 283 ಗೆಲುವು, ಇಆರ್‌ಎ 3.45, ಮೂರು ಸಲ 20 ದಾಟಿದ ಸೀಸನ್. ಜಾನ್ 288, ಇಆರ್‌ಎ 3.34, ಅವರದೂ ಮೂರು. ಕಾಟ್‌ಗೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ 16 ಇದೆ ಅಂತೀರಿ, ಇರಲಿ. ಅವರನ್ನು 2021ರ ಡಿಸೆಂಬರ್‌ನಲ್ಲಿ ಆರಿಸಿದ ಮೇಲೆ ಜಾನ್‌ಗೆ ಬಾಗಿಲು ಹಾಕೋಕೆ ಕಾರಣ ಹುಡುಕೋದು ಕಷ್ಟ. ಜಾನ್ 700 ಪಂದ್ಯ ಶುರುಮಾಡಿ, ಅದರಲ್ಲಿ 46 ಪಂದ್ಯ ಎದುರಾಳಿಗೆ ಒಂದೂ ರನ್ ಕೊಡದೆ ಪೂರ್ತಿ ಎಸೆದಿದ್ದಾರೆ.

1974ರ ಅರ್ಧ, 75 ಪೂರ್ತಿ, 1981ರ ಆಟಗಾರರ ಮುಷ್ಕರದಲ್ಲಿ ಹೋದ ವಾರಗಳು, ಇಷ್ಟು ಸೇರಿದ್ದರೆ 300 ದಾಟುತ್ತಿದ್ದರು, ಮಾತೇ ಇರ್ತಿರಲಿಲ್ಲ. ಆಪರೇಷನ್‌ಗೆ ಒಪ್ಪಿದ ಧೈರ್ಯಕ್ಕೆ ಅಂಕ ಕೊಡಿ ಅನ್ನೋರೂ ಇದ್ದಾರೆ. ಅದು ಜೋಬ್‌ಗೆ ಸಲ್ಲಬೇಕು. ಅವರನ್ನು 2013ರ ಜುಲೈನಲ್ಲಿ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನ ಸಮಾರಂಭದಲ್ಲಿ ಗೌರವಿಸಿದರು, ಜಾನ್ ಕೂಡ ಅಲ್ಲಿದ್ದರು. ಮುಂದಿನ ಮಾರ್ಚ್‌ನಲ್ಲಿ ಜೋಬ್ ತೀರಿಕೊಂಡರು.

ಲೆಫ್ಟಿ_ಲೋಕ

ಆಟ ಬಿಟ್ಟ ಮೇಲಿನದು ಯಾರೂ ಮುಟ್ಟಿಲ್ಲ.

1989ರಲ್ಲಿ, 46 ತುಂಬೋಕೆ ಒಂದೂವರೆ ತಿಂಗಳಿದ್ದಾಗ, ಯಾಂಕೀಸ್‌ನ ಆ ಸೀಸನ್‌ನ ಮೊದಲ ಪಂದ್ಯ ಇವರೇ ಎಸೆದು ಗೆದ್ದರು. ಮೇ ಕೊನೆಗೆ ತಂಡ ಬಿಡುಗಡೆ ಮಾಡಿತು. ಎದುರಿಗೆ ಬ್ಯಾಟ್ ಹಿಡಿದು ನಿಲ್ಲುತ್ತಿದ್ದ ಮಾರ್ಕ್ ಮೆಕ್‌ಗ್ವೈರ್ ಇವರ ಹಲ್ಲಿನ ಡಾಕ್ಟರ ಮಗ. ಹಲ್ಲಿನ ಡಾಕ್ಟರ ಮಗನೇ ಹೊಡೆಯೋಕೆ ಶುರುಮಾಡಿದ ಮೇಲೆ ಹೊರಡೋ ಕಾಲ ಬಂತು ಅಂತ ಅವರೇ ತಮಾಷೆ ಮಾಡಿದ್ದರು. 26 ಸೀಸನ್ ಅನ್ನೋದು ಆಗ ದಾಖಲೆಗೆ ಸಮ, ಆಮೇಲೆ ನೋಲನ್ ರಯಾನ್ 27 ಆಡಿ ಮುರಿದರು.

ನಂತರ ಟಿವಿ, ರೇಡಿಯೋ ಕಾಮೆಂಟರಿ. 2004ರಲ್ಲಿ ಯಾಂಕೀಸ್‌ನ ಕೆಳಹಂತದ ತಂಡ ಸ್ಟೇಟನ್ ಐಲ್ಯಾಂಡ್‌ಗೆ ಮ್ಯಾನೇಜರ್. 2007ರಿಂದ 2009ರ ಮಧ್ಯದವರೆಗೆ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್ ಬ್ಲೂಫಿಶ್ ಮ್ಯಾನೇಜರ್. ಇದು ಅಟ್ಲಾಂಟಿಕ್ ಲೀಗ್, ಮೇಜರ್ ಲೀಗ್ ತಂಡಗಳಿಗೆ ಸೇರದ ಸ್ವತಂತ್ರ ಲೀಗ್. ಆಟಗಾರರಿಗೆ ಸಂಬಳ ಕಮ್ಮಿ, ಓಡಾಟ ಬಸ್ಸಲ್ಲಿ. 288 ಗೆದ್ದವರು ಅರವತ್ತು ದಾಟಿದ ಮೇಲೆ ಅಲ್ಲಿ ಕೆಲಸ ಮಾಡಿದ್ದು ನನಗೆ ಅವರ ಬಗ್ಗೆ ಅಂಕಿಗಿಂತ ಹೆಚ್ಚು ಹೇಳುತ್ತೆ. ಆಪರೇಷನ್‌ಗೆ ಹೆಸರಿದೆ ಅಂತ ಪ್ರತಿ ಆಪರೇಷನ್‌ಗೂ ಅವರಿಗೆ ದುಡ್ಡು ಬರಲ್ಲ. ಕೆಲವರು ಹಾಗೆ ನಂಬಿದ್ದಾರೆ, ಅದಕ್ಕೆ ಹೇಳಿದೆ.

ಮನೆಯ ಕಷ್ಟವೂ ಇತ್ತು. 1981ರ ಬೇಸಿಗೆಯಲ್ಲಿ ಎರಡು ವರ್ಷದ ಮಗ ಮೂರನೇ ಮಹಡಿ ಕಿಟಕಿಯಿಂದ ಬಿದ್ದು ದಿನಗಟ್ಟಲೆ ಪ್ರಜ್ಞೆ ಇಲ್ಲದೆ ಇದ್ದ, ಆಮೇಲೆ ಚೇತರಿಸಿಕೊಂಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಂದೆ ವರ್ಲ್ಡ್ ಸೀರೀಸ್ ಆಡ್ತಿದ್ದರು.

ಈಚಿನ ವರ್ಷಗಳಲ್ಲಿ ಜಾನ್ ಹೆಚ್ಚು ಮಾತಾಡೋದು ಮಕ್ಕಳ ಬಗ್ಗೆ. 2007ರಿಂದ 2011ರವರೆಗೆ ಅಮೆರಿಕದಲ್ಲಿ ಆದ ಈ ಆಪರೇಷನ್‌ಗಳಲ್ಲಿ 57 ಶೇಕಡಾ 15ರಿಂದ 19 ವಯಸ್ಸಿನವರದು ಅಂತ ವಿಮೆ ದಾಖಲೆಗಳನ್ನು ನೋಡಿದ ಅಧ್ಯಯನ ತೋರಿಸಿತು. ಸಂಬಳಕ್ಕೆ ಆಡೋರಲ್ಲ, ಶಾಲೆ ಕಾಲೇಜಿನವರು. ಒಂದೇ ಆಟವನ್ನು ವರ್ಷವಿಡೀ ಆಡಿಸಬೇಡಿ ಅಂತ ಅವರೂ, ಅವರದೇ ಹೆಸರಿನ ಮಗನೂ ಹೇಳಿಕೊಂಡು ಬಂದಿದ್ದಾರೆ. ಮಗ ಕೈರೋಪ್ರ್ಯಾಕ್ಟರ್, ಬೆನ್ನುಮೂಳೆ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು.

ಕಾಫಿಬೀಜ

ಕೊನೆಯ ವಿಷಯಕ್ಕೆ ಸಂಬಂಧಿಸಿ ಒಂದು: ಅಮೆರಿಕದಲ್ಲಿರೋ ನಮ್ಮ ಕನ್ನಡ ಮನೆಗಳ ಮಕ್ಕಳು ಎಷ್ಟೋ ಜನ ಲಿಟಲ್ ಲೀಗ್‌ಗೆ (ಮಕ್ಕಳ ಬೇಸ್‌ಬಾಲ್) ಸೇರ್ತಾರೆ. ಬೇಸ್‌ಬಾಲ್ ಆಡಿ ಗೊತ್ತಿಲ್ಲದ ತಂದೆತಾಯಿ ಕೋಚ್ ಹೇಳಿದ್ದಕ್ಕೆ ಹೂಂ ಅಂತಾರೆ. ಎಣಿಸಿ ನೋಡಬಹುದಾದ ಮಿತಿ ಏನಾದರೂ ಇದೆಯಾ?

ಲೆಫ್ಟಿ_ಲೋಕ

ಇದೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ತಂದವು. ದಿನಕ್ಕೆ ಗರಿಷ್ಠ ಎಸೆತ: 7–8 ವಯಸ್ಸಿಗೆ 50, 9–10ಕ್ಕೆ 75, 11–12ಕ್ಕೆ 85, 13ರಿಂದ 16ಕ್ಕೆ 95, 17–18ಕ್ಕೆ 105. ಅದಕ್ಕಿಂತ ಮುಖ್ಯ ನಡುವಿನ ವಿಶ್ರಾಂತಿ. 14ರೊಳಗಿನವರು 21ರಿಂದ 35 ಎಸೆದರೆ ಒಂದು ದಿನ ಬಿಡುವು, 36–50ಕ್ಕೆ ಎರಡು, 51–65ಕ್ಕೆ ಮೂರು, 66 ದಾಟಿದರೆ ನಾಲ್ಕು ದಿನ. ವರ್ಷದಲ್ಲಿ ಒಟ್ಟು ನಾಲ್ಕು ತಿಂಗಳು ಎಸೆತವೇ ಬೇಡ, ಅದರಲ್ಲಿ ಎರಡು ಮೂರು ತಿಂಗಳು ಸತತವಾಗಿರಬೇಕು.

ಈ ಲೆಕ್ಕ ತಪ್ಪೋದು ಎಲ್ಲಿ ಅಂದರೆ, ಮಗು ಶಾಲೆಯ ತಂಡದಲ್ಲೂ ವಾರಾಂತ್ಯದಲ್ಲಿ ಊರೂರು ಸುತ್ತಿ ಆಡುವ ಟ್ರಾವೆಲ್ ತಂಡದಲ್ಲೂ ಇರುತ್ತೆ. ಇಬ್ಬರು ಕೋಚ್‌ಗಳೂ ತಮ್ಮ ತಮ್ಮ ಎಸೆತ ಮಾತ್ರ ಎಣಿಸ್ತಾರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕಾದೋರು ಅಪ್ಪ ಅಮ್ಮ. ಇನ್ನೊಂದು ಜಾಗ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಸ್ಥಾನ. ಪಿಚ್ ಮಾಡಿ ಮುಗಿಸಿದ ಹುಡುಗನನ್ನು ಅದೇ ದಿನ ಕ್ಯಾಚರ್ ಮಾಡಿದರೆ ಅವನು ಪ್ರತಿ ಚೆಂಡನ್ನೂ ವಾಪಸ್ ಎಸೀತಾನೆ, ಅದು ಯಾವ ಎಣಿಕೆಗೂ ಬರಲ್ಲ.

ಎಲುಬುಗೂಡು

ಲೋಕ ಅವರ ಮಾತಿಗೆ ಸೇರಿಸೋದು: ವರ್ಷಕ್ಕೆ 100 ಇನ್ನಿಂಗ್ಸ್ ದಾಟಿ ಎಸೆದ ಹುಡುಗರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು ಅಂತ ಅಲಬಾಮಾದ ಸಂಶೋಧಕರು 481 ಹುಡುಗರನ್ನು ಹತ್ತು ವರ್ಷ ಹಿಂಬಾಲಿಸಿ ಕಂಡುಕೊಂಡರು. ಅದೇ ಗುಂಪಿನ ಇನ್ನೊಂದು ಅಧ್ಯಯನದಲ್ಲಿ, ಕೈ ದಣಿದಿದ್ದರೂ ಪದೇ ಪದೇ ಎಸೆದವರಿಗೆ ಅದು 36 ಪಟ್ಟು. ಎಸೆತದ ಸಂಖ್ಯೆ ಮಿತಿಯೊಳಗಿದ್ದರೂ ದಣಿವು ಕಂಡರೆ ಇಳಿಸಿಬಿಡಿ. ಗುರುತು ಹೀಗಿರುತ್ತೆ: ಚೆಂಡು ಮೇಲೆ ಮೇಲೆ ಹೋಗೋದು, ಮೊಣಕೈ ಭುಜಕ್ಕಿಂತ ಕೆಳಗಿಳಿಯೋದು, ಎರಡು ಎಸೆತದ ನಡುವೆ ಹೊತ್ತು ಮಾಡೋದು.

ಬೆಳೆಯುವ ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಮುಂಚೆ ಪೆಟ್ಟಾಗೋದು ಒಳಮಗ್ಗುಲ ಮೂಳೆಯ ಬೆಳವಣಿಗೆ ಪಟ್ಟಿಗೆ. 9ರಿಂದ 14ರ ಹುಡುಗ ಎಸೆದ ಮೇಲೆ ಆ ಉಬ್ಬಿದ ಮೂಳೆ ಒತ್ತಿದಾಗ ಮುಖ ಕಿವುಚಿದರೆ ಐಸ್ ಇಟ್ಟು ಮಾರನೇ ದಿನ ಮೈದಾನಕ್ಕೆ ಕಳಿಸಬೇಡಿ. ಎಸೆತ ಪೂರ್ತಿ ನಿಲ್ಲಿಸಿ, ಎರಡೂ ಮೊಣಕೈಯ ಎಕ್ಸ್‌ರೇ ತೆಗೆಸಿ ಹೋಲಿಸಿ ನೋಡುವ ಮೂಳೆ ಡಾಕ್ಟರ ಹತ್ತಿರ ಹೋಗಿ. ಈ ಹಂತದಲ್ಲಿ ಸಿಕ್ಕರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಹೆಚ್ಚು ಬಿಡುವು ಕೊಟ್ಟರೆ ಚಾಕು ಇಲ್ಲದೇ ವಾಸಿಯಾಗುತ್ತೆ. ವಾಪಸ್ ಬರುವಾಗ ಮಾತ್ರ ಮೇಲೆ ಹೇಳಿದ 45 ಅಡಿಯಿಂದಲೇ ಶುರು.